ಮೇದ-ಚಂಡಾಲರವರೆಗೆ: ಚಂದೇಲರ ಏಳುಬೀಳಿನ ಒಂದು ಓದು

1

ನಮ್ಮ ಪದವಿ ತರಗತಿಗಳಲ್ಲಿ ರಜಪೂತ ಮನೆತನಗಳ ಪಾಠಕ್ಕೆ ಒಂದು ಸಿದ್ಧ ಅಚ್ಚು ಇದೆ. ಮೂಲ, ಏಳಿಗೆ, ಪ್ರಮುಖ ಅರಸರು, ಕಲೆ ಮತ್ತು ವಾಸ್ತುಶಿಲ್ಪ, ಕೊನೆಗೆ ಅವನತಿಗೆ ಕಾರಣಗಳು. ಚೌಹಾಣರಿರಲಿ, ಪರಮಾರರಿರಲಿ, ಹೆಸರು ಬದಲಾಗುತ್ತದೆ, ಅಚ್ಚು ಬದಲಾಗುವುದಿಲ್ಲ. ನಾನೂ ಹಾಗೇ ಓದಿ ಪಾಸಾದವನು, ಈಗ ಹಾಗೇ ಪಾಠ ಮಾಡುತ್ತಿರುವವನು.

ಬುಂದೇಲಖಂಡದ ಚಂದೇಲರ ಪಾಠ ಮುಗಿಸುತ್ತಾ, 1202ರಲ್ಲಿ ಕಾಲಂಜರ ಕೋಟೆ ಕುತುಬುದ್ದೀನ್ ಐಬಕನ ವಶವಾಯಿತು ಎಂದು ಬೋರ್ಡಿನ ಮೇಲೆ ಬರೆದು ಕೈಯ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. “ಸಾರ್, ಕೋಟೆ ಬಿತ್ತು, ಸರಿ. ಅಲ್ಲಿದ್ದ ನಮ್ಮೋರು ಏನಾದ್ರು?” ಅಂದ. ತರಗತಿ ನಕ್ಕಿತು. “ಅದು ಸಿಲಬಸ್ಸಲ್ಲಿಲ್ಲ ಕಣಪ್ಪಾ” ಎಂದು ನಾನೂ ನಕ್ಕುಬಿಟ್ಟೆ. ಹುಡುಗ ಕೂತುಕೊಂಡ.

ನಗಬಾರದಾಗಿತ್ತು. ನಮ್ಮ ಹಳ್ಳಿಯ ಕೇರಿಗೂ ಮಹೋಬಾ, ಖಜುರಾಹೊಗಳಿಗೂ ಸಾವಿರ ಮೈಲಿ ದೂರ, ಸಾವಿರ ವರ್ಷ ದೂರ. ಆದರೂ ಆ ಹುಡುಗನಿಗೆ ‘ಅಲ್ಲಿಯೂ ನಮ್ಮೋರು ಇದ್ದೇ ಇದ್ದರು’ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ಚರಿತ್ರೆಯ ಪುಸ್ತಕಗಳಿಗೆ ಇರದ ಈ ಖಾತ್ರಿ ಅವನಿಗೆ ಎಲ್ಲಿಂದ ಬಂತು? ಈ ಲೇಖನ ಅವನಿಗೆ ಅಂದು ಕೊಡದೆ ಹೋದ ಉತ್ತರ.

2

ಮೊದಲಿಗೆ ನನ್ನದೇ ಒಂದು ದೌರ್ಬಲ್ಯ ಹೇಳಿಕೊಳ್ಳಬೇಕು. ಎಂ.ಎ. ಓದುವಾಗ ವಿನ್ಸೆಂಟ್ ಸ್ಮಿತ್ ಎಂಬ ಬ್ರಿಟಿಷ್ ಅಧಿಕಾರಿ-ಇತಿಹಾಸಕಾರ ಚಂದೇಲರ ಚರಿತ್ರೆ ಮತ್ತು ನಾಣ್ಯಗಳ ಬಗ್ಗೆ 1908ರಲ್ಲಿ ಬರೆದ ಪ್ರಬಂಧದ ವಿಚಾರ ತಿಳಿದು ಒಳಗೊಳಗೇ ಕುಣಿದಾಡಿದ್ದೆ. ಚಂದೇಲರು ಚಂದ್ರವಂಶದವರೂ ಅಲ್ಲ, ಆರ್ಯ ಕ್ಷತ್ರಿಯರೂ ಅಲ್ಲ. ಗೊಂಡ ಅಥವಾ ಭರ ಎಂಬ ನೆಲದ ಜನರೊಳಗಿಂದಲೇ ಎದ್ದವರು ಎಂಬುದು ಅವನ ವಾದ. ಕೇನ್ ನದಿಯ ದಡದ ಮನಿಯಾಗಢದಲ್ಲಿರುವ ಅವರ ಕುಲದೇವತೆ ಮನಿಯಾದೇವಿಯನ್ನು ಅವನು ಇದಕ್ಕೆ ಸಾಕ್ಷಿ ಕರೆದಿದ್ದ. ಖಜುರಾಹೊ ಕಟ್ಟಿಸಿದವರು ಕಾಡಿನ ಜನ! ಪುರೋಹಿತಶಾಹಿಯ ಮುಖಕ್ಕೆ ಹೊಡೆದ ಹಾಗಿದೆ ಎಂದು ನನಗೆ ಅನ್ನಿಸಿತ್ತು.

ಜನರನ್ನು ಬುಡಕಟ್ಟು, ಜನಾಂಗ ಎಂದು ವಿಂಗಡಿಸಿ ದಾಖಲೆ ಪುಸ್ತಕ ತುಂಬಿಸುತ್ತಿದ್ದ ವಸಾಹತು ಆಡಳಿತದ ನೌಕರ ಈ ಸ್ಮಿತ್ ಎನ್ನುವುದನ್ನು ಆಗ ಮರೆತಿದ್ದೆ. ಅವನ ಎದುರು ಪಾಳಯದಲ್ಲಿ ಸಿ.ವಿ. ವೈದ್ಯರಂಥವರು ರಜಪೂತರೆಲ್ಲ ಶುದ್ಧ ವೇದಕಾಲದ ಆರ್ಯರೇ ಎಂದು ಹಟ ಹಿಡಿದಿದ್ದರು. ಎರಡೂ ಪಾಳಯಗಳು ಕೇಳುತ್ತಿದ್ದ ಪ್ರಶ್ನೆ ಒಂದೇ: ರಕ್ತ ಯಾವುದು? ಜಾತಿ ಕೇಳುವವರ ಪ್ರಶ್ನೆಯೂ ಅದೇ ತಾನೆ?

ಆ ಪ್ರಶ್ನೆಯನ್ನೇ ಬದಲಿಸಿದವರು ನಂತರದ ವಿದ್ವಾಂಸರು. ಮಧ್ಯಭಾರತದ ಬುಡಕಟ್ಟುಗಳಲ್ಲಿ ರಾಜ್ಯ ಹುಟ್ಟುವುದಕ್ಕೂ ‘ರಜಪೂತರಾಗುವ’ ಕಥೆಗಳಿಗೂ ಇರುವ ನಂಟನ್ನು ಸುರಜಿತ್ ಸಿನ್ಹಾ 1962ರಲ್ಲಿ ವಿವರಿಸಿದರು. ರಜಪೂತ ಎನ್ನುವುದು ಹುಟ್ಟಿನ ಹೆಸರಲ್ಲ, ಭೂಮಿ, ಕೋಟೆ, ಮದುವೆ ಸಂಬಂಧಗಳ ಮೂಲಕ ಶತಮಾನಗಳ ಅವಧಿಯಲ್ಲಿ ಏರಿದ ಒಂದು ಸ್ಥಾನ ಎಂದು ಬಿ.ಡಿ. ಚಟ್ಟೋಪಾಧ್ಯಾಯರು ತೋರಿಸಿಕೊಟ್ಟರು. ಹಾಗಾದರೆ ಚಂದೇಲರು ಯಾರಾಗಿದ್ದರು ಎನ್ನುವುದಕ್ಕಿಂತ ಯಾರಾಗಲು ಹೊರಟರು, ಅದಕ್ಕಾಗಿ ಯಾರನ್ನು ಹಿಂದೆ ಬಿಟ್ಟರು ಎನ್ನುವುದು ನಮಗೆ ಮುಖ್ಯವಾಗಬೇಕು.

3

ಒಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ನನ್ನುಕ ಎಂಬ ಸಣ್ಣ ಪಾಳೆಯಗಾರನಿಂದ ಈ ಮನೆತನದ ಕಥೆ ಶುರುವಾಗುತ್ತದೆ. ಅವನ ಮೊಮ್ಮಗ ಜಯಶಕ್ತಿ ಅಥವಾ ಜೇಜ್ಜನ ಹೆಸರಿನಿಂದ ನಾಡಿಗೆ ಜೇಜಾಕಭುಕ್ತಿ ಎಂಬ ಹೆಸರು ಬಂತು. ಕನೌಜಿನ ಪ್ರತೀಹಾರರಿಗೆ ಇವರು ಸಾಮಂತರು. ನನ್ನುಕ, ಜೇಜ್ಜ, ರಾಹಿಲ ಎಂಬ ಮೊದಲ ಹೆಸರುಗಳಲ್ಲಿ ನಾಡುಮಾತಿನ ಸೊಗಡು ಇನ್ನೂ ಇದೆ. ಆಮೇಲೆ ಬರುವವರು ಯಶೋವರ್ಮ, ಕೀರ್ತಿವರ್ಮ, ಮದನವರ್ಮ.

ಖಜುರಾಹೊದ ಲಕ್ಷ್ಮಣ ದೇವಾಲಯದ 954ರ ಶಾಸನದಲ್ಲಿ ಈ ನನ್ನುಕನ ಹಿಂದೆ ಒಂದು ದೊಡ್ಡ ವಂಶಾವಳಿ ಬಂದು ನಿಂತಿದೆ. ಸೃಷ್ಟಿಯ ಆದಿ, ಋಷಿಗಳು, ಅತ್ರಿ, ಅತ್ರಿಯಿಂದ ಚಂದ್ರಾತ್ರೇಯ, ಅವನ ಕುಲದಲ್ಲಿ ನನ್ನುಕ. ಪ್ರಶಸ್ತಿ ಬರೆದ ಕವಿಗೆ ಅರಸನಿಂದ ದಕ್ಷಿಣೆ ಸಿಕ್ಕಿತು, ಅರಸನಿಗೆ ಕವಿಯಿಂದ ಗೋತ್ರ ಸಿಕ್ಕಿತು.

ಇದೇ ಶಾಸನದಲ್ಲಿ ಇನ್ನೊಂದು ಸಣ್ಣ ಮಾತಿದೆ. ಹರ್ಷ ಎಂಬ ಚಂದೇಲ ಅರಸ ಚಾಹಮಾನ, ಅಂದರೆ ಚೌಹಾಣ ಕುಲದ ಕಂಚುಕಾ ಎಂಬುವಳನ್ನು ಮದುವೆಯಾದ. ಅವಳು ‘ಸವರ್ಣೆ’, ಮದುವೆ ವಿಧಿಪೂರ್ವಕ ನಡೆಯಿತು ಎಂದು ಶಾಸನ ಒತ್ತಿ ಹೇಳುತ್ತದೆ. ಗಟ್ಟಿ ಕುಲದವರಿಗೆ ಈ ಮಾತನ್ನು ಕಲ್ಲಿನಲ್ಲಿ ಕೊರೆಸುವ ಅಗತ್ಯ ಬೀಳುವುದಿಲ್ಲ. ಎಲ್ಲೋ ಯಾರೋ ಪಿಸುಗುಟ್ಟುತ್ತಿದ್ದರು, ಅದಕ್ಕೆ ಕಲ್ಲಿನಲ್ಲಿ ಉತ್ತರ ಕೊಡಲಾಗಿದೆ ಎಂದೇ ನನ್ನ ಓದು.

ಇದೇ ಹರ್ಷನ ಏಳಿಗೆಯಲ್ಲಿ ನಮ್ಮ ಕನ್ನಡ ನಾಡಿನ ಪಾತ್ರವೂ ಇದೆ. ರಾಷ್ಟ್ರಕೂಟ ಮೂರನೆಯ ಇಂದ್ರನ ಸೈನ್ಯ ಸುಮಾರು 916ರಲ್ಲಿ ಕನೌಜಿಗೆ ನುಗ್ಗಿ ಪ್ರತೀಹಾರ ಮಹೀಪಾಲನನ್ನು ಓಡಿಸಿತು. ಆ ದಂಡಿನಲ್ಲಿದ್ದ ಚಾಲುಕ್ಯ ನರಸಿಂಹ ಪಂಪನ ಆಶ್ರಯದಾತ ಅರಿಕೇಸರಿಯ ತಂದೆ. ಅವನು ಕುದುರೆಗಳನ್ನು ಗಂಗೆಯಲ್ಲಿ ಮೀಯಿಸಿದ್ದನ್ನು ಪಂಪ 941ರ ತನ್ನ ಕಾವ್ಯದಲ್ಲಿ ಹೊಗಳಿದ್ದಾನೆ. ಕದಲಿದ ಮಹೀಪಾಲನನ್ನು ಮತ್ತೆ ಪಟ್ಟಕ್ಕೆ ಕೂರಿಸಲು ನೆರವಾದವನು ಹರ್ಷ ಎಂದು ಹೆಚ್ಚಿನ ಇತಿಹಾಸಕಾರರು ಒಪ್ಪುತ್ತಾರೆ. ಒಡೆಯ ಬಡವಾದ, ಸಾಮಂತ ಬಲಿತ. ಮುಂದೆ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕನ್ನಡ ಪ್ರಶಸ್ತಿಯೊಂದನ್ನು ಮಧ್ಯಪ್ರದೇಶದ ಮೈಹರ್ ಬಳಿಯ ಜುರಾದಲ್ಲಿ ಕಲ್ಲಿನ ಮೇಲೆ ಕೆತ್ತಲಾಯಿತು. ಅಷ್ಟು ದೂರದಲ್ಲಿ ಕನ್ನಡ ಅಕ್ಷರ ಇದೆಯೆಂದು ನಾವು ಎದೆಯುಬ್ಬಿಸುತ್ತೇವೆ. ಆ ದಂಡಿಗೆ ಹುಲ್ಲು ಹೊತ್ತವರು, ದಾರಿಯಲ್ಲಿ ದಂಡಿನ ಕಾಲಿಗೆ ಸಿಕ್ಕ ಹೊಲಗಳವರು ಯಾವ ಭಾಷೆಯಲ್ಲಿ ಅತ್ತರು ಎಂದು ಕೇಳುವುದಿಲ್ಲ.

ಹರ್ಷನ ಮಗ ಯಶೋವರ್ಮ ಕಾಲಂಜರ ಹಿಡಿದ. ಪ್ರತೀಹಾರ ದೇವಪಾಲನಿಂದ ವೈಕುಂಠ ವಿಷ್ಣುವಿನ ವಿಗ್ರಹ ಪಡೆದು ಖಜುರಾಹೊದಲ್ಲಿ ಗುಡಿ ಕಟ್ಟಿಸಿದ. ಒಡೆಯನ ದೇವರು ಆಳಿನ ಊರಿಗೆ ಬಂದಮೇಲೆ ಆಳು ಒಡೆಯನಾಗಲು ಇನ್ನೇನು ಬಾಕಿ? ಅವನ ಮಗ ಧಂಗ ಅರ್ಧ ಶತಮಾನ ಆಳಿ, ನೂರು ವರ್ಷ ದಾಟಿ, ಗಂಗೆ ಯಮುನೆಯರ ಸಂಗಮದಲ್ಲಿ ದೇಹ ಬಿಟ್ಟನೆಂದು ಇನ್ನೊಂದು ಶಾಸನ ಹೇಳುತ್ತದೆ. 1019 ಮತ್ತು 1022ರಲ್ಲಿ ಘಜ್ನಿಯ ಮಹಮೂದನಿಗೆ ಎದುರು ನಿಂತ ವಿದ್ಯಾಧರನ ಕಾಲಕ್ಕೆ ಈ ಮನೆತನ ಉತ್ತರ ಭಾರತದ ಮುಂಚೂಣಿಯಲ್ಲಿತ್ತು.

ಇಷ್ಟಾದರೂ ಪಿಸುಮಾತು ನಿಲ್ಲಲಿಲ್ಲ. ಬಹುಕಾಲದ ನಂತರ ಬರಹಕ್ಕಿಳಿದ ಮಹೋಬಾ ಖಂಡದ ಕಥೆಯಲ್ಲಿ ಚಂದೇಲರ ಮೂಲತಾಯಿ ಹೇಮವತಿ ಎಂಬ ಬ್ರಾಹ್ಮಣ ಪುರೋಹಿತನ ಮಗಳು. ಕೊಳದಲ್ಲಿ ಮೀಯುವಾಗ ಚಂದ್ರ ಇಳಿದು ಬಂದು ಕೂಡಿದ. ಹುಟ್ಟಿದ ಮಗ ರಾಜನಾದ, ತಾಯಿಗೆ ಅಂಟಿದ ಕಳಂಕ ಕಳೆಯಲು ಯಜ್ಞ ಮಾಡಿಸಿದ. ಅಪ್ಪ ಆಕಾಶದವನು, ಕಳಂಕ ಮಾತ್ರ ಅವ್ವನದು. ಒಂದು ವಂಶ ಮೇಲೇರುವಾಗ ಹೆಣ್ಣಿನ ಮಾನವೇ ಏಣಿಯ ಮೆಟ್ಟಿಲಾಗುವುದನ್ನು ಈ ಕಥೆ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತದೆ.

4

ನನ್ನ ಕುಣಿದಾಟ ನಿಂತದ್ದು ದಾನಶಾಸನಗಳನ್ನು ಓದಲು ತೊಡಗಿದ ಮೇಲೆ. ಚಂದೇಲ ಪರಮರ್ದಿಯ ಕಾಲದ ತಾಮ್ರಪಟಗಳಿಗೆ ಒಂದು ಒಕ್ಕಣೆಯಿದೆ. ಅರಸ ಒಂದು ಹಳ್ಳಿಯನ್ನು ಬ್ರಾಹ್ಮಣನಿಗೆ ಕೊಡುವಾಗ ಆ ಹಳ್ಳಿಯ ಜನರನ್ನು ಹೆಸರಿಸಿ ಕರೆಯುತ್ತಾನೆ. ಮೊದಲು ಬ್ರಾಹ್ಮಣರು, ಮಾನ್ಯರು, ಅಧಿಕಾರಿಗಳು. ಆಮೇಲೆ ಒಕ್ಕಲುಮಕ್ಕಳು, ಕಾಯಸ್ಥರು, ದೂತರು, ವೈದ್ಯರು, ಊರ ಮುಖ್ಯಸ್ಥರು. ಹೀಗೆ ಇಳಿಯುತ್ತಾ ಇಳಿಯುತ್ತಾ ‘ಮೇದ-ಚಂಡಾಲರವರೆಗೆ’. ಅಲ್ಲಿಗೆ ಪಟ್ಟಿ ನಿಲ್ಲುತ್ತದೆ. ಅಲ್ಲಿಂದಾಚೆ ಮನುಷ್ಯರಿಲ್ಲ.

ಇದು ಚಂದೇಲರೇ ಕಟ್ಟಿದ ಒಕ್ಕಣೆಯಲ್ಲ, ಪೂರ್ವದ ಪಾಲರ ಶಾಸನಗಳಲ್ಲೂ ಇಂಥದು ಇದೆ. ಅಂದರೆ ರಾಜ್ಯ ಕಟ್ಟುವವನಿಗೆ ಗೋತ್ರದ ಜೊತೆಗೇ ಈ ಪಟ್ಟಿಯೂ ತಯಾರಾಗಿ ಸಿಗುತ್ತಿತ್ತು. ಮೇದ ಎಂಬ ಹೆಸರು ಕಂಡಾಗ ನಮ್ಮ ಬಿದಿರು ಹೆಣೆಯುವ ಮೇದರು ನೆನಪಾಗುವುದು ಸಹಜ. ಮನುಸ್ಮೃತಿಯ ಮೇದರು ಕಾಡುಮೃಗ ಬೇಟೆಯಾಡಿ ಬದುಕುವವರು; ಹೆಸರು ಒಂದಾದ ಮಾತ್ರಕ್ಕೆ ಇಬ್ಬರನ್ನೂ ಒಂದೇ ಎನ್ನುವ ಆತುರ ಬೇಡ. ಆದರೆ ಒಂದು ಕಾಲಸಾಮ್ಯವನ್ನು ಮರೆಯುವಂತಿಲ್ಲ. ವಿಕ್ರಮ ಸಂವತ್ 1223ರ, ಅಂದರೆ ಸುಮಾರು 1166-67ರ ಸೇಮ್ರಾ ತಾಮ್ರಪಟದಲ್ಲಿ ಪರಮರ್ದಿ ಮುನ್ನೂರಕ್ಕೂ ಹೆಚ್ಚು ಬ್ರಾಹ್ಮಣರಿಗೆ ದತ್ತಿಯನ್ನು ಖಾಯಂ ಮಾಡಿಕೊಡುತ್ತಾನೆ, ಒಬ್ಬೊಬ್ಬರ ಹೆಸರೂ ಅದರಲ್ಲಿದೆ. ಹೆಚ್ಚೂಕಡಿಮೆ ಅದೇ ದಶಕಗಳಲ್ಲಿ ಕಲ್ಯಾಣದಲ್ಲಿ ಮಾದಾರ, ಡೋಹರ, ಮೇದಾರ ಎಂಬ ಹೆಸರುಗಳು ಪಟ್ಟಿಯ ಕೊನೆಯಿಂದೆದ್ದು ಶರಣರ ನಡುವೆ ಬಂದು ಕೂತಿದ್ದವು. ಮೇದಾರ ಕೇತಯ್ಯನಿಗೆ ಕಲ್ಯಾಣದಲ್ಲಿ ಹೆಸರಿತ್ತು. ಮಹೋಬಾದ ತಾಮ್ರದಲ್ಲಿ ಬರೀ ‘ಮೇದ’ ಇದ್ದಾನೆ.

ದತ್ತಿಯೆಂದರೆ ನೆಲ ಒಂದೇ ಅಲ್ಲ. ಮಾವು, ಹಿಪ್ಪೆ, ಕಬ್ಬು, ಹತ್ತಿ, ಗಣಿ, ಕಾಡು ಎಲ್ಲವನ್ನೂ ಈ ಶಾಸನಗಳು ಎಣಿಸುತ್ತವೆ. ಕೆಲವು ದತ್ತಿಗಳಲ್ಲಿ ಕುಶಲಕರ್ಮಿಗಳು, ರೈತರು, ವ್ಯಾಪಾರಿಗಳು ಸಮೇತ ಊರನ್ನು ಬಿಟ್ಟುಕೊಡಲಾಗಿದೆ. ಆರ್.ಎಸ್. ಶರ್ಮರು ಊಳಿಗಮಾನ್ಯ ಪದ್ಧತಿಯ ಚರ್ಚೆಯಲ್ಲಿ ಇದನ್ನು ಎತ್ತಿ ತೋರಿಸಿದ್ದಾರೆ. ದುಡಿಯುವವನು ಮರದ ಜೊತೆ, ಗಣಿಯ ಜೊತೆ ಲೆಕ್ಕಕ್ಕೆ ಬರುತ್ತಾನೆ. ಇನ್ನು ಮಹೋಬಾದ ಕೆರೆಗಳನ್ನು ನೋಡಿ: ರಾಹಿಲ ಸಾಗರ, ಕೀರತ್ ಸಾಗರ, ಮದನ ಸಾಗರ. ಒಂದೊಂದೂ ಒಬ್ಬೊಬ್ಬ ಅರಸನ ಹೆಸರು ಹೊತ್ತಿದೆ. ಬರದ ಸೀಮೆಯಾದ ಬುಂದೇಲಖಂಡದಲ್ಲಿ ಆ ಕೆರೆಗಳು ಜೀವ ಉಳಿಸಿದವು, ಅದನ್ನು ಅಲ್ಲಗಳೆಯುವುದು ಬೇಡ. ಮಣ್ಣು ಹೊತ್ತವರ ಹೆಸರಿನ ಒಂದು ಕಟ್ಟೆಯಾದರೂ ಇದೆಯೇ? ಪರಮರ್ದಿಯ ಹಲವು ತಾಮ್ರಪಟಗಳನ್ನು ಕೊರೆದ ಪಾಲ್ಹಣ ಎಂಬ ಕುಶಲಕರ್ಮಿಯ ಹೆಸರು ನಮಗೆ ಗೊತ್ತು. ಉಳಿ ಅವನ ಕೈಯಲ್ಲೇ ಇತ್ತು, ಹಾಗಾಗಿ ಹೆಸರು ಉಳಿಯಿತು. ಅಕ್ಷರ ಮತ್ತು ಅಧಿಕಾರದ ಸಂಬಂಧದ ಬಗ್ಗೆ ನಾವು ಇಷ್ಟೆಲ್ಲ ಭಾಷಣ ಮಾಡುತ್ತೇವಲ್ಲ, ಪಾಲ್ಹಣ ಅದನ್ನು ಒಂದೇ ಸಾಲಿನಲ್ಲಿ ಮಾಡಿ ತೋರಿಸಿದ್ದಾನೆ.

ಮನಸ್ಸುಗಳನ್ನು ಆಳುವ ಕೆಲಸವೂ ಜೊತೆಗೇ ನಡೆಯಿತು. ಕಲಚುರಿ ಕರ್ಣನಿಂದ ಸೋತು ಕುಸಿದಿದ್ದ ರಾಜ್ಯವನ್ನು ಕೀರ್ತಿವರ್ಮ ಮರಳಿ ಗಳಿಸಿದಾಗ ಅವನ ಆಸ್ಥಾನದಲ್ಲಿ ಆಡಿದ ನಾಟಕ ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’. ಅದರಲ್ಲಿ ಚಾರ್ವಾಕ, ಬೌದ್ಧ ಭಿಕ್ಷು, ಜೈನ ಕ್ಷಪಣಕ, ಕಾಪಾಲಿಕ ಎಲ್ಲರೂ ನಗೆಪಾಟಲಾಗುತ್ತಾರೆ, ವಿಷ್ಣುಭಕ್ತಿ ಗೆಲ್ಲುತ್ತದೆ. ಇದೇ ರಾಜ್ಯದ ಖಜುರಾಹೊದಲ್ಲಿ ಜೈನ ಬಸದಿಗಳಿದ್ದವು, ಮಹೋಬಾದಲ್ಲಿ ಬೌದ್ಧ ಶಿಲ್ಪಗಳು ಸಿಕ್ಕಿವೆ. ಹಾಗಾಗಿ ಚಂದೇಲರು ಬೌದ್ಧರನ್ನು ಜೈನರನ್ನು ಓಡಿಸಿದರು ಎಂದು ಬೀಸು ಮಾತು ಆಡಲಾಗದು. ಇರಲು ಜಾಗವಿತ್ತು. ಆಸ್ಥಾನದ ರಂಗದ ಮೇಲೆ ನಗುವವರು ಯಾರು, ನಗೆಗೀಡಾಗುವವರು ಯಾರು ಎಂಬುದು ಮಾತ್ರ ಗೊತ್ತಾಗಿಹೋಗಿತ್ತು.

5

ಈಗ ಬೀಳುವ ಕಥೆ. ಲಲಿತಪುರ ಜಿಲ್ಲೆಯ ಮದನಪುರದ ಶಾಸನಗಳ ಪ್ರಕಾರ 1182ರ ಹೊತ್ತಿಗೆ ಪೃಥ್ವಿರಾಜ ಚೌಹಾಣ ಜೇಜಾಕಭುಕ್ತಿಯನ್ನು ಹಾಳುಗೆಡವಿದ. ‘ಸವರ್ಣೆ’ ಕಂಚುಕಾಳ ತವರು ಕುಲವೇ ಬಂದು ಕೊಳ್ಳೆ ಹೊಡೆಯಿತು.

ಈ ಯುದ್ಧವನ್ನು ಬುಂದೇಲಖಂಡದ ಜನ ಹಾಡಿದ್ದು ಆಲ್ಹಾ-ಊದಲರ ಕಥೆಯಾಗಿ. ಮಳೆಗಾಲದಲ್ಲಿ ಡೋಲು ಬಡಿದು ಹಾಡುವ ಈ ಕಾವ್ಯ ಬರಹಕ್ಕೆ ಇಳಿದದ್ದು 1860ರ ದಶಕದಲ್ಲಿ, ಫರೂಕಾಬಾದಿನ ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿ ಬರೆಸಿದಾಗ. ಇದರಲ್ಲಿ ಪರಮಾಲ, ಅಂದರೆ ಪರಮರ್ದಿ, ಹೆದರುಪುಕ್ಕಲ ಅರಸ. ರಾಜ್ಯ ಕಾಯುವವರು ಬನಾಫರ ಕುಲದ ಅಣ್ಣತಮ್ಮಂದಿರು. ಅವರ ತಾಯಂದಿರು ಅಹೀರರು, ದನ ಕಾಯುವವರು, ಎಂಬ ಕಾರಣಕ್ಕೆ ಉಳಿದ ರಜಪೂತರು ಇವರನ್ನು ಕೀಳು ಕುಲದವರೆಂದು ಹಳಿಯುತ್ತಾರೆ, ಹೆಣ್ಣು ಕೊಡಲು ಒಲ್ಲೆ ಎನ್ನುತ್ತಾರೆ. ಕಾವ್ಯದ ಎಷ್ಟೋ ಕಾಳಗಗಳು ಮದುವೆಯ ಕಾಳಗಗಳು. ಅವರ ಜೊತೆಗಾರರಲ್ಲಿ ಬನಾರಸಿನ ಸಯ್ಯದನೂ ಇದ್ದಾನೆ, ಎಣ್ಣೆ ಗಾಣದವನೂ ಇದ್ದಾನೆ. ಚಾಡಿ ಮಾತು ಕೇಳಿ ಅರಸ ಈ ಅಣ್ಣತಮ್ಮಂದಿರನ್ನೇ ನಾಡು ಬಿಡಿಸುತ್ತಾನೆ. ಶತ್ರು ಬಾಗಿಲಿಗೆ ಬಂದಾಗ ಮತ್ತೆ ಅವರಿಗೇ ಕರೆ ಹೋಗುತ್ತದೆ. ಊದಲ ಸಾಯುತ್ತಾನೆ.

ಚರಿತ್ರೆಯ ದಾಖಲೆಯಾಗಿ ಇದನ್ನು ಅಕ್ಷರಶಃ ನಂಬಬೇಕಿಲ್ಲ. ಚಂದೇಲರ ಬೀಳಿಗೆ ಹಾಡುಗಾರರು ಕೊಟ್ಟ ಕಾರಣ ಮಾತ್ರ ನಮ್ಮ ಪಠ್ಯಪುಸ್ತಕಕ್ಕಿಂತ ನಿಚ್ಚಳವಾಗಿದೆ: ಜೀವ ಕೊಡಲು ಬೇಕಾದವನು ಹೆಣ್ಣು ಕೊಡಲು ಬೇಡವಾಗಿದ್ದ. ಚಾತುರ್ವರ್ಣ್ಯ ಬಹುಜನರ ಕೈಯಿಂದ ಆಯುಧವನ್ನು ಕಿತ್ತುಕೊಂಡು ಅವರನ್ನು ನಿರ್ವೀರ್ಯರನ್ನಾಗಿಸಿತು ಎಂದು ಅಂಬೇಡ್ಕರ್ 1936ರ ‘ಜಾತಿ ವಿನಾಶ’ದಲ್ಲಿ ವಾದಿಸಿದರು. ಆಲ್ಹಾನ ಹಾಡು ಅದಕ್ಕೆ ಇನ್ನೊಂದು ಮಾತು ಸೇರಿಸುತ್ತದೆ. ಆಯುಧ ಕೊಟ್ಟಾಗಲೂ ಪಂಕ್ತಿಯಲ್ಲಿ ಎಲೆ ಹಾಕಲಿಲ್ಲ.

1202ರಲ್ಲಿ ಕಾಲಂಜರ ಬಿತ್ತು. ಐವತ್ತು ಸಾವಿರ ಜನ ಗುಲಾಮರಾದರೆಂದು ದಿಲ್ಲಿಯ ಹಸನ್ ನಿಜಾಮಿ ಬರೆದ. ಆಸ್ಥಾನದ ಬರಹಗಾರರ ಅಂಕಿಗಳನ್ನು ಹಾಗೇ ನುಂಗಬೇಕಿಲ್ಲ. ಅಂಕಿ ಎಷ್ಟೇ ಇರಲಿ, ಗುಲಾಮರಾದವರಲ್ಲಿ ಸಿಂಹಾಸನದ ಹತ್ತಿರದವರು ಎಷ್ಟು, ಪಟ್ಟಿಯ ಕೊನೆಯವರು ಎಷ್ಟು ಎಂದು ಕೇಳಬಹುದು. ಮೂರೇ ವರ್ಷದಲ್ಲಿ, 1205ರ ಗರ್ರಾ ತಾಮ್ರಪಟದಲ್ಲಿ, ಚಂದೇಲ ತ್ರೈಲೋಕ್ಯವರ್ಮ ತುರುಷ್ಕರೊಡನೆ ಹೋರಾಡಿ ಸತ್ತ ಒಬ್ಬ ರಾವುತನ ಮಗನಿಗೆ ಹಳ್ಳಿ ದತ್ತಿ ಕೊಡುತ್ತಾನೆ. ರಾವುತನ ಸಾವಿಗೆ ಹಳ್ಳಿ ಸಿಕ್ಕಿತು. ಆ ಹಳ್ಳಿಯವರಿಗೆ ಹೊಸ ಒಡೆಯ ಸಿಕ್ಕಿದ.

ಹದಿನಾಲ್ಕನೆಯ ಶತಮಾನದ ಆರಂಭದ ಹೊತ್ತಿಗೆ ರಾಜ್ಯ ಮುಗಿಯಿತು, ಕುಲದ ಹೆಸರು ಉಳಿಯಿತು. 1524ರಲ್ಲಿ ಹುಟ್ಟಿದ ಚಂದೇಲ ಮಗಳು ದುರ್ಗಾವತಿ ಗಢಾದ ಗೊಂಡ ಅರಸು ಮನೆತನದ ದಲಪತಶಾಹನ ಮಡದಿಯಾದಳು. ಅವನು ಒಳ್ಳೆಯ ಕುಲದವನಲ್ಲ, ಹಣವಂತ. ಹೆಣ್ಣಿನ ತಂದೆ ಕಷ್ಟದಲ್ಲಿದ್ದ, ಅದಕ್ಕೇ ಕೊಟ್ಟ ಎಂದು ಅಕ್ಬರನ ಆಸ್ಥಾನದ ಅಬುಲ್ ಫಜಲ್ ಬರೆದಿದ್ದಾನೆ. ಸ್ಮಿತ್‌ನ ವಾದ ನಿಜವಿದ್ದರೆ ಚಂದೇಲ ಹೆಣ್ಣು ಹೋದದ್ದು ಹಳೆಯ ನೆಂಟರ ಮನೆಗೇ. ಆದರೆ ಆರು ನೂರು ವರ್ಷದ ಪ್ರಶಸ್ತಿಗಳು ಆ ನೆಂಟರನ್ನು ಕೀಳು ಮಾಡಿಬಿಟ್ಟಿದ್ದವು. 1564ರಲ್ಲಿ ಮೊಗಲ್ ಸೈನ್ಯದೆದುರು ಹೋರಾಡಿ ಆಕೆ ಸತ್ತದ್ದು ಗೊಂಡರ ರಾಣಿಯಾಗಿಯೇ.

6

ಇದೆಲ್ಲ ನಮಗೇಕೆ ಎಂದು ಚಳವಳಿಯ ಗೆಳೆಯರು ಕೇಳಬಹುದು. ನಮ್ಮ ನಡುವೆಯೂ ಈಗ ‘ನಾವೂ ಆಳಿದವರು’ ಎನ್ನುವ ಮಾತು ಬಲವಾಗಿದೆ. ಉತ್ತರ ಪ್ರದೇಶದ ಪಾಸಿಗಳು ಬಿಜಲಿ ಪಾಸಿಯನ್ನು ತಮ್ಮ ಅರಸನೆಂದು ಎತ್ತಿ ಹಿಡಿದರು, 2000ದಲ್ಲಿ ಅವನ ಅಂಚೆಚೀಟಿಯೂ ಬಂತು. ಸಾವಿರ ವರ್ಷ ತಲೆ ತಗ್ಗಿಸಿದವರಿಗೆ ತಲೆ ಎತ್ತಲು ಒಂದು ಕೋಟೆಯ ಗೋಡೆ ಬೇಕಾಗುತ್ತದೆ. ಅದನ್ನು ಗೇಲಿ ಮಾಡುವ ಹಕ್ಕು ಮನೆ ಗೋಡೆ ತುಂಬ ತಾತಂದಿರ ಪಟ ನೇತುಹಾಕಿಕೊಂಡವರಿಗಿಲ್ಲ. ಸ್ಮಿತ್‌ನ ವಾದ ಕೇಳಿ ಕುಣಿದ ನನಗಂತೂ ಇಲ್ಲವೇ ಇಲ್ಲ.

ಅಂಬೇಡ್ಕರ್ ಕೂಡ 1946ರಲ್ಲಿ ಶೂದ್ರರು ಮೂಲತಃ ಕ್ಷತ್ರಿಯರೇ ಎಂದು ವಾದಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಹೌದು. ಆ ವಾದದ ತಿರುಳು ಯಾವುದು ಎಂದೂ ನೋಡಬೇಕು. ಉಪನಯನ ನಿರಾಕರಿಸುವ ಅಧಿಕಾರ ಯಾರ ಕೈಯಲ್ಲಿತ್ತೋ ಅವರು ಒಂದು ಸಮುದಾಯವನ್ನೇ ಕೆಳಕ್ಕೆ ತಳ್ಳಿದರು ಎಂದು ಬಾಬಾಸಾಹೇಬರು ತೋರಿಸಲು ಹೊರಟಿದ್ದರು. ಅದೇ ಪುಸ್ತಕದಲ್ಲಿ 1674ರ ಶಿವಾಜಿ ಪಟ್ಟಾಭಿಷೇಕದ ಚರ್ಚೆಯಿದೆ, ಗಾಗಾಭಟ್ಟ ಬರುತ್ತಾನೆ. ಮೇಲೆತ್ತುವವನೂ ಅವನೇ, ಕೆಳಗಿಳಿಸುವವನೂ ಅವನೇ. ಚಂದೇಲರಿಗೆ ಆ ಕೈ ಚಂದ್ರನನ್ನು ಕೊಟ್ಟಿತು. ಬೆಲೆಯಾಗಿ ಹಳ್ಳಿಗಳನ್ನು ಪಡೆಯಿತು, ಹಳ್ಳಿಯ ಕೊನೆಯಲ್ಲಿ ಮೇದ-ಚಂಡಾಲರನ್ನು ನಿಲ್ಲಿಸಿತು. ಕಾಡಿನಿಂದ ಅರಮನೆಗೆ ಹೋದವರು ಆ ಪಟ್ಟಿಯನ್ನು ಹರಿಯಲಿಲ್ಲ, ಅದರ ಕೆಳಗೆ ತಮ್ಮ ಮುದ್ರೆ ಒತ್ತಿದರು. ನಮ್ಮವರೇ ರಾಜರಾಗಿದ್ದರು ಎನ್ನುವಾಗ, ಅವರ ತಾಮ್ರಪಟದ ಕೊನೆಯಲ್ಲಿ ಯಾರಿದ್ದರು ಎಂದು ಕೇಳುವ ಧೈರ್ಯವೂ ನಮಗಿರಬೇಕು.

ಆ ಹುಡುಗನಿಗೆ ಮುಂದಿನ ವಾರ ನನಗೆ ತಿಳಿದಷ್ಟು ಹೇಳಿದೆ. ಕೋಟೆ ಚಂದೇಲರಿಂದ ತುರ್ಕರಿಗೆ ಹೋಯಿತು, ಮತ್ತೆ ಚಂದೇಲರಿಗೆ ಬಂತು, ಮೊಗಲರು ಬಂದರು, ಬುಂದೇಲರು ಬಂದರು, 1812ರಲ್ಲಿ ಬ್ರಿಟಿಷರು ಹಿಡಿದರು. “ಇಷ್ಟೂ ಸಲ ಬಿದ್ದದ್ದು ಪಟ್ಟಿಯ ತುದಿಯವರು. ಕೊನೆಯವರು ಇದ್ದಲ್ಲೇ ಇದ್ದರು ಕಣಪ್ಪಾ” ಅಂದೆ. ಅವನು ಸ್ವಲ್ಪ ಯೋಚಿಸಿ, “ಹಂಗಾದ್ರೆ ಅವ್ರಿಗೆ ಏಳಿಗೆನೂ ಆಗ್ಲಿಲ್ಲ, ಅವನತಿನೂ ಆಗ್ಲಿಲ್ಲ ಅಂತ ಬರೀಲಾ ಸಾರ್?” ಎಂದು ಕೇಳಿದ. ಈ ಸಲ ತರಗತಿ ನಗಲಿಲ್ಲ.

ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ನನ್ನ ಕೈಯಲ್ಲಿಲ್ಲ. ಕಿರುಪರೀಕ್ಷೆಯ ಪ್ರಶ್ನೆ ಮಾತ್ರ ನನ್ನದು. ‘ಚಂದೇಲರ ಅವನತಿಗೆ ಕಾರಣಗಳೇನು?’ ಎಂಬುದನ್ನು ಹೊಡೆದುಹಾಕಿ, ‘ಚಂದೇಲರ ದಾನಶಾಸನದಲ್ಲಿ ಹೆಸರಿಸಿದ ಜನರ ಪಟ್ಟಿಯನ್ನು ಕೊನೆಯಿಂದ ಮೊದಲಿಗೆ ಓದಿ ಟಿಪ್ಪಣಿ ಬರೆಯಿರಿ’ ಎಂದು ಕೊಟ್ಟಿದ್ದೇನೆ. ಹತ್ತು ಅಂಕ.